ಕುಪ್ಪೇಲೂರಿನಲ್ಲಿ ಹೂವು ಬಿಡುವ ಮೊದಲು ಒಂದು ಲೈಸೆನ್ಸು

ಆ ಚಳಿಗಾಲದಲ್ಲಿ ನಾನು ಒಬ್ಬ ವಿದೇಶಿ ಹೆಂಗಸಿಗೆ ಕಾರು ಓಡಿಸಲು ಕಲಿಸಿದೆ ಎಂದು ರಾಣೆಬೆನ್ನೂರಿನಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಸುಳ್ಳು. ಕಾರು ಓಡಿಸುವುದು ಅವಳಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ನಾನು ಮಾಡಿದ್ದು, ಓಡಿಸಲು ಬರುವವಳಿಗೆ ಓಡಿಸಲು ಬರುತ್ತದೆ ಎಂದು ನಮ್ಮ ಜನರನ್ನು ಒಪ್ಪಿಸುವ ಕೆಲಸ. ಅದೆಷ್ಟು ಕಷ್ಟದ್ದೆಂದು ಆಗಲೇ ನನಗೆ ಗೊತ್ತಾದದ್ದು. ಓಡಿಸಲು ಬಾರದವರಿಗೆ ನಮ್ಮಲ್ಲಿ ಅಂಥ ಕಷ್ಟವೇನೂ ಇಲ್ಲ.

ನನ್ನದು ಒಂದೇ ಕಾರಿನ ಡ್ರೈವಿಂಗ್ ಸ್ಕೂಲು. ಎಡಗಡೆ ಕೂರುವ ನನ್ನ ಕಾಲಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುವ ಹಳೆಯ ಸಣ್ಣ ಕಾರು. ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಬೀಜದ ಕಂಪನಿಯೊಂದರ ಮ್ಯಾನೇಜರ್ ಅವಳನ್ನು ಕರೆದುಕೊಂಡು ಬಂದ. ಗಿಡ್ಡ ಹೆಂಗಸು, ನಲವತ್ತರ ಆಸುಪಾಸು, ತಲೆಗೆ ಟವೆಲ್ಲು ಸುತ್ತಿಕೊಂಡಿದ್ದಳು, ಕಾಲಲ್ಲಿ ಕೆಸರು ಮೆತ್ತಿದ ರಬ್ಬರ್ ಬೂಟು. ಥೈಲ್ಯಾಂಡಿನವಳು, ಮೆಣಸಿನಕಾಯಿ ಬೀಜದ ತಜ್ಞೆ, ವರ್ಷದ ಮೇಲಾಯಿತು ನಮ್ಮೂರಲ್ಲೇ ಮನೆ ಮಾಡಿದ್ದಾಳೆ ಎಂದು ಮ್ಯಾನೇಜರ್ ಪರಿಚಯಿಸಿದ.

“ಇವ್ರಿಗೆ ಲೈಸೆನ್ಸ್ ಬೇಕ್ರಿ,” ಅಂದ. “ಕಲಸೂದು ಗಿಲಸೂದು ಏನೂ ಬ್ಯಾಡ. ಲಗೂ ಒಂದು ಮಾಡಿಸಿ ಕೊಟ್ಟು ಬಿಡ್ರಿ.”

“ನಿಮ್ಮ ಕಡೆ ಡ್ರೈವರ್ ಅದಾನಲ್ರಿ?”

ಉತ್ತರ ಕೊಟ್ಟದ್ದು ಅವಳು. “ಅಂವ ಬಿಸಲು ಏರಿದ ಮ್ಯಾಲೆ ಬರ್ತಾನ. ಹೂವು ಅದಕ್ಕಿಂತ ಮೊದ್ಲ ಬರ್ತೈತಿ.” ಹತ್ತಿರದ ಕುಪ್ಪೇಲೂರಿನ ಹೊಲದ ಹೆಂಗಸರಿಂದ ಕಲಿತ ಕನ್ನಡ. ವ್ಯಾಕರಣ ಕುಂಟುತ್ತಿತ್ತು, ಧಾಟಿ ಮಾತ್ರ ಅಪ್ಪಟ ಅವರದೇ. ನನಗೆ ನಗು ಬಂತು. ಮ್ಯಾನೇಜರನಿಗೆ ಬರಲಿಲ್ಲ, ಏಕೆಂದರೆ ಆ ಡ್ರೈವರು ಅವನ ಅಕ್ಕನ ಮಗ.

ಸಂಗತಿ ಇಷ್ಟು. ಕುಪ್ಪೇಲೂರಿನಲ್ಲಿ ಕಂಪನಿಗಾಗಿ ಹೈಬ್ರಿಡ್ ಮೆಣಸಿನಕಾಯಿ ಬೀಜ ಬೆಳೆಯುವ ಪ್ಲಾಟುಗಳಿದ್ದವು. ಅಲ್ಲಿ ಗಂಡು ಗಿಡಗಳ ಸಾಲು ಬೇರೆ, ಹೆಣ್ಣು ಗಿಡಗಳ ಸಾಲು ಬೇರೆ. ಬೆಳಗಿನ ಹೊತ್ತು ಹೆಂಗಸರು ಗಂಡು ಸಾಲಿನ ಹೂವಿನಿಂದ ಪರಾಗ ಬಿಡಿಸಿ ಡಬ್ಬಿಯಲ್ಲಿ ಕೂಡಿಸಿ ಹೆಣ್ಣು ಹೂವಿಗೆ ಮುಟ್ಟಿಸುತ್ತಾರೆ. ಗಂಡು ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ತಳಿಯ ಗಿಡ ಎದ್ದಿರುತ್ತದೆ. ಅದು ಹೂ ಬಿಡುವ ಮೊದಲೇ ಕಿತ್ತೊಗೆಯಬೇಕು. ಇಲ್ಲದಿದ್ದರೆ ಅದರ ಪರಾಗವೂ ಡಬ್ಬಿಗೆ ಸೇರಿ ಬೀಜವೆಲ್ಲ ಕಲಬೆರಕೆಯಾಗುತ್ತದೆ. ತೊಂದರೆ ಏನೆಂದರೆ ಆ ಕಲಬೆರಕೆ ಗಿಡವೇ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ಹಸಿರು. ಅಷ್ಟು ಚೆಂದ ಬೆಳೆದದ್ದನ್ನು ಕೀಳಲು ನಮ್ಮ ರೈತರಿಗೆ ಕೈ ಬರುವುದಿಲ್ಲ. ಕಿತ್ತೆವು ಎಂದು ಬಾಯಲ್ಲಿ ಹೇಳುತ್ತಾರೆ, ಹೊಲದಲ್ಲಿ ಉಳಿಸಿಕೊಳ್ಳುತ್ತಾರೆ.

ಅದಕ್ಕೇ ಅವಳು ಖುದ್ದಾಗಿ ನಸುಕಿನಲ್ಲಿ ಅಲ್ಲಿರಬೇಕಿತ್ತು. ಹಿಂದಿನ ಹಂಗಾಮಿನಲ್ಲಿ ಅಕ್ಕನ ಮಗ ನಿದ್ದೆ ಮುಗಿಸಿ, ನಾಷ್ಟಾ ಮುಗಿಸಿ, ಗಾಡಿ ಒರೆಸಿ ಹೊರಡುವುದರೊಳಗೆ ಒಂದು ಪ್ಲಾಟಿನ ಬೀಜ ಪೂರ್ತಿ ತಿರಸ್ಕಾರವಾಗಿತ್ತು. ಈ ಸಲವೂ ಹಾಗಾದರೆ ಕುಪ್ಪೇಲೂರಿನ ಕೆಲಸವನ್ನೇ ಮುಚ್ಚುತ್ತೇವೆ, ನೀನೂ ಗಂಟುಮೂಟೆ ಕಟ್ಟು ಎಂದು ಕಂಪನಿಯ ದೊಡ್ಡ ಆಫೀಸು ಅವಳಿಗೆ ಹೇಳಿತ್ತು. ತಾನೇ ಓಡಿಸಿಕೊಂಡು ಹೋಗೋಣವೆಂದರೆ ಅವಳ ದೇಶದಿಂದ ತಂದ ಅಂತಾರಾಷ್ಟ್ರೀಯ ಪರವಾನಗಿಯ ಅವಧಿ ಮುಗಿದಿತ್ತು. ಸಂಕ್ರಾಂತಿಯ ಹೊತ್ತಿಗೆ ಮೊಗ್ಗು ಒಡೆಯುತ್ತವೆ. ಅದರೊಳಗೆ ನಮ್ಮ ಲೈಸೆನ್ಸ್ ಕೈಗೆ ಬರಬೇಕು. ಕಲಿಕಾ ಲೈಸೆನ್ಸು ಪಡೆದು ಒಂದು ತಿಂಗಳು ಕಾದು ಪರೀಕ್ಷೆಗೆ ಹೋಗಬಹುದು, ಸಮಯ ಸಾಕು ಎಂದು ನಾನು ದೊಡ್ಡಸ್ತಿಕೆಯಿಂದ ಹೇಳಿದೆ.

ಹಾವೇರಿಯ ಆರ್‌ಟಿಒ ಕಚೇರಿಗೆ ಹೋದ ಮೊದಲ ದಿನವೇ ನನ್ನ ದೊಡ್ಡಸ್ತಿಕೆ ಇಳಿಯಿತು. ಚಳಿಗಾಲ ಬಂತೆಂದರೆ ಮುಂಡಗೋಡದ ಟಿಬೆಟನ್ನರು ನಮ್ಮ ಊರುಗಳಿಗೆ ಬಂದು ರಸ್ತೆ ಬದಿಯಲ್ಲಿ ಸ್ವೆಟರ್ ಮಾರುತ್ತಾರೆ. ನಮ್ಮ ಜನ ತಮ್ಮ ಜನ್ಮದಲ್ಲಿ ನೋಡಿದ ಚಪ್ಪಟೆ ಮೂಗಿನವರೆಂದರೆ ಅವರಷ್ಟೇ. ಸಾಲಿನಲ್ಲಿ ನಿಂತ ಐದು ನಿಮಿಷದಲ್ಲಿ ಹಿಂದಿನ ಹೆಂಗಸು ಅವಳ ಹೆಗಲು ತಟ್ಟಿ, “ಗಂಡ್ಸರ ಸ್ವೆಟರ್ ಹೆಂಗವ್ವಾ? ಗಂಟು ಎಲ್ಲಿಟ್ಟಿ?” ಎಂದು ಕೇಳಿದಳು. ಬೀಜದ ತಜ್ಞೆ ತನ್ನ ಕೈಚೀಲವನ್ನು ಬಿಚ್ಚಿ ತೋರಿಸಿ, “ಸ್ವೆಟರ್ ಇಲ್ಲ, ಪಾಸ್‌ಪೋರ್ಟ್ ಐತಿ,” ಅಂದಳು. ಆ ಹೆಂಗಸಿಗೆ ನಂಬಿಕೆ ಬರಲಿಲ್ಲ. ಬೆಲೆ ಏರಿಸಲು ಹಾಗೆ ಹೇಳುತ್ತಿದ್ದಾಳೆ ಅಂದುಕೊಂಡಿರಬೇಕು.

ಕಿಟಕಿಯ ಗುಮಾಸ್ತ ಅವಳ ಮುಖ ನೋಡಿದ, ಕಾಗದ ನೋಡಲಿಲ್ಲ. “ಮುಂಡಗೋಡದವರು ಇಲ್ಲಿ ಬರಂಗಿಲ್ಲರಿ. ಶಿರಸಿಗೆ ಹೋಗಬೇಕು.”

“ಇವರು ಥೈಲ್ಯಾಂಡಿನವರ್ರಿ,” ಅಂದೆ.

“ಹೌದ್ರಿ, ಅಲ್ಲಿಂದ ಬಂದು ಕ್ಯಾಂಪಿನಾಗ ಅದಾರ. ಕ್ಯಾಂಪು ಮುಂಡಗೋಡ ತಾಲ್ಲೂಕು. ಅದಕ್ಕ ಶಿರಸಿ.”

ಅಷ್ಟು ಖಚಿತವಾಗಿ ತಪ್ಪು ಹೇಳುವವರ ಮುಂದೆ ನನ್ನ ತಾಳ್ಮೆ ನಿಲ್ಲುವುದಿಲ್ಲ. ಪಾಸ್‌ಪೋರ್ಟನ್ನು ಕಿಟಕಿಯೊಳಗೆ ತೂರಿಸಿದೆ. ಆತ ಅದರ ಮೇಲಿನ ಚಿನ್ನದ ಬಣ್ಣದ ಮುದ್ರೆಯನ್ನು ಬೆರಳಿನಿಂದ ಸವರಿ, “ಗರುಡ ಐತಲ್ರಿ ಇದರ ಮ್ಯಾಲ! ಹಿಂದೂ ದೇಶ ಏನ್ರಿ?” ಎಂದು ಕೇಳಿದ. ಭಕ್ತಿಯಿಂದ ಎರಡು ಪುಟ ತಿರುವಿದ. ಆಮೇಲೆ ವಿಳಾಸಕ್ಕೆ ರೇಷನ್ ಕಾರ್ಡು ತನ್ನಿ ಎಂದ. ರೇಷನ್ ಕಾರ್ಡು! ಸಮುದ್ರ ದಾಟಿ ಬಂದವಳು ನಮ್ಮಲ್ಲಿ ಸೀಮೆಎಣ್ಣೆಗೆ ಪಾಳಿ ಹಚ್ಚಿರಬೇಕೆಂದು ಆತನ ಅಂದಾಜು. ವಿದೇಶಿಯರು ಪೊಲೀಸರ ಜಿಲ್ಲಾ ಕಚೇರಿಯಲ್ಲಿ ಹೆಸರು ದಾಖಲಿಸಿದ ಪತ್ರವೇ ವಿಳಾಸಕ್ಕೆ ಆಗುತ್ತದೆಂದು ಒಳಗಿನ ಮೇಲಧಿಕಾರಿಯೊಬ್ಬರು ಹೇಳುವವರೆಗೆ ನಾವು ಮೂರು ಸಲ ಹಾವೇರಿಗೆ ಹೋಗಿ ಬಂದೆವು. ಪ್ರತಿ ಸಲವೂ ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಅಗಲ ಮಾಡುವ ಕೆಲಸದ ಧೂಳು ತಿಂದು, ತಿರುವು ದಾರಿಯಲ್ಲಿ ಲಾರಿಗಳ ಹಿಂದೆ ತೆವಳಿದೆವು. ಕಲಿಕಾ ಲೈಸೆನ್ಸು ಕೈಗೆ ಬಂದಾಗ ನನಗೆ ಗೆದ್ದೆನೆಂದು ಅನಿಸಲಿಲ್ಲ, ಸಾಕುಸಾಕಾಗಿತ್ತು.

ಇನ್ನು ಅಭ್ಯಾಸ. ಅವಳು ಸ್ಟೀರಿಂಗ್ ಹಿಡಿದು ಕೂತ ಮೊದಲ ದಿನ ನನ್ನ ಕಾಲಿಗೆ ಕೆಲಸವೇ ಇರಲಿಲ್ಲ. ಅವಳ ದೇಶದಲ್ಲೂ ರಸ್ತೆಯ ಎಡಗಡೆಯೇ ಓಡಿಸುತ್ತಾರೆ. ಪಿಕಪ್ ಗಾಡಿಯಲ್ಲಿ ಸಸಿ ಹೇರಿಕೊಂಡು ಗುಡ್ಡ ಹತ್ತಿ ಇಳಿದವಳು. ಗೇರು ಬದಲಿಸಿದ್ದು ಗೊತ್ತಾಗುತ್ತಿರಲಿಲ್ಲ. ಆದರೆ ಅವಳು ಹಾರ್ನ್ ಹೊಡೆಯುತ್ತಿರಲಿಲ್ಲ. ಯಾರಾದರೂ ರಸ್ತೆ ದಾಟಲು ನಿಂತಿದ್ದರೆ ಕಾರು ನಿಲ್ಲಿಸುತ್ತಿದ್ದಳು. ನಮ್ಮ ಜನ ಹಾಗೆ ನಿಂತ ಕಾರನ್ನು ಎಂದೂ ನೋಡಿದವರಲ್ಲ. ಕೆಟ್ಟು ನಿಂತಿದೆ ಅಂದುಕೊಂಡು ನೂಕಲು ಬರುತ್ತಿದ್ದರು.

ಒಂದು ದಿನ ಬ್ಯಾಡಗಿಯ ಮಾರುಕಟ್ಟೆಯ ಬೀದಿಯಲ್ಲಿ ಓಡಿಸಲಿ ಎಂದು ಕರೆದೊಯ್ದೆ. ಆ ಗದ್ದಲ ದಾಟಿದವರು ಎಲ್ಲಿ ಬೇಕಾದರೂ ದಾಟುತ್ತಾರೆ. ಹಂಗಾಮು ಶುರುವಾಗಿ ಚೀಲದ ಗುಡ್ಡಗಳು ಎದ್ದಿದ್ದವು, ಘಾಟಿಗೆ ನಾನು ಗಾಜು ಏರಿಸಿಕೊಂಡು ಕರವಸ್ತ್ರ ಹಿಡಿದು ಕೂತಿದ್ದೆ. ಅವಳು ಗಾಜು ಇಳಿಸಿ ಉಸಿರು ಎಳೆದುಕೊಂಡಳು. ಹಮಾಲನೊಬ್ಬನಿಂದ ಒಂದು ಕಾಯಿ ಇಸಿದುಕೊಂಡು ಅಲ್ಲೇ ಕಚ್ಚಿ, “ಇದು ಖಾರ ಇಲ್ಲ. ಬರೇ ಬಣ್ಣ,” ಎಂದು ಉಳಿದದ್ದನ್ನು ನನ್ನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಳು. ಜಗತ್ತಿನ ಮೂಲೆ ಮೂಲೆಗೆ ಹೋಗುವ ನಮ್ಮ ಬ್ಯಾಡಗಿ ಕಾಯಿಯ ಬಗ್ಗೆ ಅಷ್ಟು ಸಸಾರವಾಗಿ ಮಾತಾಡಿದವರನ್ನು ನಾನು ಕಂಡಿರಲಿಲ್ಲ. ಆ ದಿನ ಪೂರ್ತಿ ಅವಳ ಮೇಲೆ ಸಿಟ್ಟಿತ್ತು.

ಅಲ್ಲಿಂದ ಕಾಗಿನೆಲೆ ಕಡೆಗೆ ತಿರುಗಿದೆವು. ಹಳ್ಳಿಯೊಂದರ ಮುಂದೆ ರಸ್ತೆಯ ಉದ್ದಕ್ಕೂ ಹುರುಳಿ ಹರಡಿದ್ದರು. ಕಣ ಮಾಡುವ ತಾಪತ್ರಯ ನಮ್ಮ ರೈತರು ಬಿಟ್ಟು ಬಹಳ ದಿನವಾಯಿತು. ಕಿತ್ತ ಬಳ್ಳಿಯನ್ನು ಟಾರ್ ರಸ್ತೆಯ ಮೇಲೆ ಹಾಸಿ, ಎರಡೂ ತುದಿಗೆ ಕಲ್ಲಿಟ್ಟು, ನೆರಳಲ್ಲಿ ಕೂತುಬಿಡುತ್ತಾರೆ. ಬಂದ ಬಸ್ಸು, ಹೋದ ಲಾರಿ ಒಕ್ಕಿ ಕೊಡುತ್ತವೆ. ಅವಳು ಹುರುಳಿಯ ಅಂಚಿಗೆ ಬಂದು ಕಾರು ನಿಲ್ಲಿಸಿ ಎಂಜಿನ್ ಆರಿಸಿದಳು.

ಮರದ ಕೆಳಗಿನಿಂದ ಒಬ್ಬ ಮುದುಕಿ ಎದ್ದು ಬಂದಳು. “ಯಾಕವ್ವಾ, ನಮ್ಮ ಹುರುಳಿ ತುಳಿದ್ರ ನಿನ್ನ ಗಾಡಿ ಮೈಲಿಗಿ ಆಕ್ಕೈತೇನು?”

ತಜ್ಞೆ ಬೀಜ ಬೆಳೆಸುವವಳು, ಧಾನ್ಯ ತುಳಿಯಲು ಮನಸ್ಸು ಬಂದಿಲ್ಲ ಎಂದು ನಾನು ಅಂದುಕೊಂಡೆ. ಅದಲ್ಲ. ಅವಳು ಕಾರಿನ ಹೊಟ್ಟೆಯ ಕಡೆ ಕೈ ತೋರಿಸಿ, “ಬೆಂಕಿ,” ಅಂದಳು. ಒಣ ಹುಲ್ಲು ಅಡಿಯಲ್ಲಿ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿ ಉರಿದುಹೋದ ಪಿಕಪ್ ಗಾಡಿಯನ್ನು ತನ್ನ ಊರಲ್ಲಿ ಕಣ್ಣಾರೆ ನೋಡಿದ್ದಳಂತೆ. ಇದು ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಪ್ರತಿ ವರ್ಷ ಎಲ್ಲೋ ಒಂದು ಕಾರು ಹೀಗೆ ಸುಟ್ಟು ಕರಕಲಾಗುತ್ತದೆ, ಎಲ್ಲರೂ ಹೋಗಿ ನೋಡಿ ಬರುತ್ತಾರೆ, ಮರುದಿನ ಅದೇ ಕರಿ ಕಲೆಯ ಮೇಲೆ ಹುರುಳಿ ಹರಡುತ್ತಾರೆ. ನಿಲ್ಲದೆ ಒಂದೇ ವೇಗದಲ್ಲಿ ದಾಟಿ, ಆಮೇಲೆ ಇಳಿದು ಕಟ್ಟಿಗೆಯಿಂದ ಹೊಟ್ಟು ಎಳೆದು ಹಾಕಿದರಾಯಿತು ಎಂದು ನಾನು ವಿವರಿಸಿದೆ.

“ನೀ ಎಳೀತಿಯೇನು?” ಅಂದಳು.

“ಎಳೀತೀನಿ.”

ಅವಳು ರಸ್ತೆಯ ಮೇಲೆ ಅಡ್ಡ ಮಲಗಿ ನನ್ನ ಕಾರಿನ ಕೆಳಗೆ ಕೈ ಹಾಕಿ, ಹೋದ ವರ್ಷದ ಕರಿ ಹಿಡಿದ ಹೊಟ್ಟನ್ನು ಮುಷ್ಟಿ ತುಂಬ ಹೊರಗೆ ತೆಗೆದಳು. ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾವು ಬಂದ ದಾರಿಯಲ್ಲೇ ಹಿಂದಿರುಗಿದೆವು.

ಪರೀಕ್ಷೆ ಬಂತು. ಮೈದಾನದಲ್ಲಿ ಸುಣ್ಣದಿಂದ ಬರೆದ ಎಂಟರ ಆಕಾರದ ಮೇಲೆ ಓಡಿಸುವುದು, ಹಿಂದಕ್ಕೆ ತೆಗೆದು ಎರಡು ಕಂಬದ ನಡುವೆ ನಿಲ್ಲಿಸುವುದು. ಅವಳು ಒಂದು ಗೆರೆಯನ್ನೂ ಮುಟ್ಟದೆ ಮುಗಿಸಿದಳು. ನೆರೆದವರು ಚಪ್ಪಾಳೆ ತಟ್ಟಿದರು. ಅದು ಮೆಚ್ಚುಗೆಯಲ್ಲ, ಸರ್ಕಸ್ಸಿಗೆ ತಟ್ಟುವ ಚಪ್ಪಾಳೆ. ನಂತರ ರಸ್ತೆಯ ಪರೀಕ್ಷೆ. ಮುಂದಿನ ಎಡ ಸೀಟಿನಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು, ಹಿಂದೆ ನಾನು ಮತ್ತು ಇನ್ನಿಬ್ಬರು ಉಮೇದುವಾರರು. ಸಾಹೇಬರು ಕೆಟ್ಟವರಲ್ಲ. ಸೊಂಟನೋವಿನಿಂದ ಬಳಲುತ್ತಿದ್ದರು, ಬೇಗ ಮುಗಿದರೆ ಸಾಕಾಗಿತ್ತು. ಇಬ್ಬರು ಉಮೇದುವಾರರಲ್ಲಿ ಒಬ್ಬ ಕಾರನ್ನು ಕಪ್ಪೆಯ ಹಾಗೆ ಕುಪ್ಪಳಿಸುವಂತೆ ಮಾಡಿದ. ಇನ್ನೊಬ್ಬ ಮೊದಲ ಗೇರಿನಿಂದ ಹೊರಗೆ ಬರಲೇ ಇಲ್ಲ. ಇಬ್ಬರೂ ಎಮ್ಮೆಗೂ ಹಾರ್ನ್ ಹೊಡೆದರು, ಮರಕ್ಕೂ ಹೊಡೆದರು. “ಸಾಕು, ಇಳೀರಿ,” ಅಂದರು ಸಾಹೇಬರು. ಇಬ್ಬರೂ ಪಾಸು.

ಅವಳ ಪಾಳಿ ಬಂದಾಗ ಊರ ಹೊರಗಿನ ಹಳ್ಳಿ ರಸ್ತೆಗೆ ಬಂದಿದ್ದೆವು. ತಿರುವು ದಾಟಿದೊಡನೆ ಹುರುಳಿ. ಈ ಅಂಚಿನಿಂದ ಆ ಅಂಚಿನವರೆಗೆ, ಸರಿದು ಹೋಗಲು ಒಂದು ಗೇಣು ಜಾಗವಿಲ್ಲ.

ಅವಳು ನಿಲ್ಲಿಸಿದಳು.

“ಯಾಕ ನಿಲ್ಸಿದ್ರಿ? ನಡೀರಿ,” ಅಂದರು ಸಾಹೇಬರು.

“ಬೆಂಕಿ.”

“ಎಲ್ಲಿ?”

“ಇನ್ನ ಇಲ್ಲ. ಆಮ್ಯಾಲೆ.”

ಸಾಹೇಬರು ಹಿಂತಿರುಗಿ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವುದರೊಳಗೆ ಅವಳು ಕಾರು ಆರಿಸಿ ಇಳಿದು ಬಗ್ಗಿ ಹುರುಳಿಯನ್ನು ಕೈಯಿಂದ ಬದಿಗೆ ಸರಿಸತೊಡಗಿದಳು. ರೈತ ಕುಂಟೆ ಹಿಡಿದು ಓಡಿ ಬಂದ. ಯಾರವ್ವಾ ನೀನು, ಹರಡಿದ್ದನ್ನ ಯಾಕ ಕೆಡಸ್ತಿ, ಮ್ಯಾಲ ಗಾಡಿ ಹೋಗಲಿ ಅಂತ ಹರಡೇವಿ, ದಾರಿ ಬಿಡೂದಕ್ಕ ಅಲ್ಲ ಎಂದು ಕೂಗಾಡಿದ. ಹಿಂದೆ ಎರಡು ಟ್ರ್ಯಾಕ್ಟರು, ಒಂದು ಬಸ್ಸು ನಿಂತು ಎಲ್ಲವೂ ಹಾರ್ನ್ ಹೊಡೆದವು. ಸಾಹೇಬರು ಸೊಂಟ ಹಿಡಿದುಕೊಂಡು ಇಳಿದು, ರಸ್ತೆಯ ನಡುವೆ ಕಾರಣವಿಲ್ಲದೆ ವಾಹನ ನಿಲ್ಲಿಸಿದ್ದಕ್ಕೆ ಅನುತ್ತೀರ್ಣ ಎಂದು ಬರೆದರು. ಮತ್ತೆ ಬರಲು ಒಂದು ವಾರ ಕಾಯಬೇಕು. ಸಂಕ್ರಾಂತಿ ಅದೇ ವಾರದಲ್ಲಿತ್ತು, ಕುಪ್ಪೇಲೂರಿನಲ್ಲಿ ಮೊಗ್ಗುಗಳು ಆಗಲೇ ಬಿಳಿಯಾಗಿದ್ದವು.

ಕಚೇರಿಯ ಎದುರು ಚಹಾದಂಗಡಿಯಲ್ಲಿ ಲೈಸೆನ್ಸು ಮಾಡಿಸಿಕೊಡುವ ಏಜೆಂಟನೊಬ್ಬ ಕೂತಿರುತ್ತಿದ್ದ. ಕಚೇರಿಗೂ ಅವನಿಗೂ ಸಂಬಂಧವಿಲ್ಲ. ಒಳಗೆ ಅವನ ಕೈ ಎಷ್ಟು ಉದ್ದ ಎಂಬುದು ಅವನ ಬಾಯಿಂದಲೇ ಕೇಳಿ ಜನ ನಂಬಿದ್ದು. ಆದರೂ ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಅವನ ಕಡೆಯಿಂದ ಬಂದವರೇ, ಅವನನ್ನು ಎದುರು ಹಾಕಿಕೊಂಡರೆ ನನ್ನ ಸ್ಕೂಲು ನಡೆಯುವುದು ಕಷ್ಟ. ಅವನು ಹಲ್ಲು ಕಿರಿಯುತ್ತ ಬಂದ.

“ಇಷ್ಟೆಲ್ಲಾ ಯಾಕ ತ್ರಾಸು ಮಾಡಿಕೊಂಡ್ರಿ ಬಾಯಾರ? ನೀವು ಮನ್ಯಾಗ ಕುಂದ್ರಿ. ಲೈಸೆನ್ಸ್ ತಾನ ಬಾಗಲಾ ಬಡಿತೈತಿ.”

ಮ್ಯಾನೇಜರನಿಗೆ ಫೋನ್ ಮಾಡಿದೆ. ಅವನೂ ಅದನ್ನೇ ಹೇಳಿದ. “ಫೈಲು ಅವನ ಕೈಗೆ ಕೊಟ್ಟು ಬಂದುಬಿಡ್ರಿ. ಇನ್ನೂ ಪರೀಕ್ಷಾ ಗಿರೀಕ್ಷಾ ಅಂದ್ರ ನನ್ನ ಮರ್ಯಾದಿ ಹೊಕ್ಕೈತಿ.” ಕಂಪನಿಯ ಮರ್ಯಾದೆ ಅಕ್ಕನ ಮಗನ ಹಾಸಿಗೆಯಲ್ಲಿ ಬಿದ್ದುಕೊಂಡಿದ್ದಾಗ ಇವನಿಗೆ ಅದು ನೆನಪಾಗಿರಲಿಲ್ಲ.

ಅವಳು ಚಹಾ ಕುಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಏಜೆಂಟನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. “ನಾಳೆ ಗಾಡ್ಯಾಗ ಹೊಲದ ಹೆಂಗಸ್ರು ಕುಂದರ್ತಾರ. ಗಾಡಿ ಬಿದ್ರ ಇಂವ ಬರ್ತಾನೇನು?” ಎಂದು ನನ್ನನ್ನು ಕೇಳಿದಳು.

“ಇಡೀ ಜಿಲ್ಲಾ ಹಿಂಗ ಓಡಸಾಕತ್ತೈತ್ರಿ ಬಾಯಾರ,” ಅಂದ ಏಜೆಂಟ.

“ಅದು ಕಾಣಸ್ತೈತಿ ಬಿಡು,” ಅಂದೆ ನಾನು. ಬಾಯಿ ಜಾರಿತ್ತು. ಅವನ ಮುಖ ಕಪ್ಪಿಟ್ಟಿತು. ಹೇಗೂ ಜಾರಿದೆ ಎಂದು ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು, ಮುಂದಿನ ವಾರದ ಪರೀಕ್ಷೆಗೆ ಹೆಸರು ಹಚ್ಚಿಸಿಯೇ ಹೊರಟೆ.

ವಾಪಸು ಬರುವಾಗ ದಾರಿಯಲ್ಲಿ ನನಗೆ ಹೊಳೆಯಿತು. ಹೊಳೆದದ್ದಕ್ಕೆ ಸಂತೋಷವಾಗಲಿಲ್ಲ, ಇಷ್ಟು ದಿನ ಹೊಳೆಯದ್ದಕ್ಕೆ ನಾಚಿಕೆಯಾಯಿತು. ಕಲಿಕಾ ಲೈಸೆನ್ಸು ಇದ್ದವರು ಎಲ್ ಬೋರ್ಡು ಹಚ್ಚಿ, ಪಕ್ಕದಲ್ಲಿ ಕಲಿಸುವವನನ್ನು ಕೂರಿಸಿಕೊಂಡು ಓಡಿಸಬಹುದೆಂದು ಕಾಯಿದೆಯೇ ಹೇಳುತ್ತದೆ. ಎಲ್ ಬೋರ್ಡೆಂದರೆ ನಮಗೆ ಸ್ಕೂಲ್ ಕಾರಿಗೆ ಬಳಿದ ಬಣ್ಣ, ಊರ ಸುತ್ತ ಎರಡು ಸುತ್ತು ಹೊಡೆಯಲಿಕ್ಕೆ. ಅದನ್ನು ಹಚ್ಚಿಕೊಂಡು ಕೆಲಸಕ್ಕೆ ಹೋಗಬಹುದೆಂದು ಇದೇ ಕಸುಬಿನವನಾದ ನನ್ನ ತಲೆಗೇ ಹೊಳೆದಿರಲಿಲ್ಲ. “ನಾಳಿಂದ ನಸುಕಿನ್ಯಾಗ ನಾ ಬರ್ತೀನಿ. ನನ್ನ ಕಾರು ನೀವ ಓಡಸ್ರಿ,” ಅಂದೆ. ಬೆಳಗಿನ ಬ್ಯಾಚಿನ ಹುಡುಗರಿಗೆ ಒಂದು ವಾರ ರಜೆ ಕೊಟ್ಟೆ. ಅವರು ಬಹಳ ಖುಷಿಪಟ್ಟರು. ಕಲಿಯುವ ಆಸೆ ಅಷ್ಟಿತ್ತು.

ಮೊದಲ ದಿನ ಕತ್ತಲೆ ಹರಿಯುವ ಹೊತ್ತಿಗೆ ಪ್ಲಾಟಿನ ಬದುವಿನಲ್ಲಿ ಇದ್ದೆವು. ಪ್ಲಾಟಿನ ಯಜಮಾನಿ, ಐವತ್ತು ದಾಟಿದ ಗಟ್ಟಿ ಹೆಂಗಸು, ನಮ್ಮ ಕಾರು ನೋಡಿ ಬೆಚ್ಚಿಬಿದ್ದಳು. ಇಷ್ಟು ಬೇಗ ಬರಬಹುದೆಂದು ಅವಳು ಎಣಿಸಿರಲಿಲ್ಲ. ತಜ್ಞೆ ಗಂಡು ಸಾಲಿನಲ್ಲಿ ನಡೆಯುತ್ತ ಗಿಡಗಳ ಎಲೆ ಮುಟ್ಟಿ ನೋಡಿ ಅಲ್ಲೊಂದು ಇಲ್ಲೊಂದು ಕೀಳುತ್ತ ಹೋದಳು. ಸಾಲಿನ ಕೊನೆಯಲ್ಲಿ ದೊಡ್ಡ ಬಿದಿರಿನ ಬುಟ್ಟಿ ಮಗುಚಿ, ಮೇಲೆ ಕಲ್ಲು ಹೇರಿದ್ದರು.

“ಇದು ಏನು?”

“ಕೋಳಿ ಕಾವಿಗೆ ಕುಂತೈತವ್ವಾ. ಎಬ್ಬಿಸಬ್ಯಾಡ,” ಅಂದಳು ಯಜಮಾನಿ.

ಮೆಣಸಿನ ಸಾಲಿನ ನಡುವೆ ಕಾವಿಗೆ ಕೂತ ಕೋಳಿಯನ್ನು ನಾನೂ ನೋಡಬೇಕಿತ್ತು. ತಜ್ಞೆ ಕಲ್ಲು ಇಳಿಸಿ ಬುಟ್ಟಿ ಎತ್ತಿದಳು. ಬಗ್ಗಿಸಿ ಮುಚ್ಚಿಟ್ಟ ಗಿಡ ಮೆಲ್ಲಗೆ ಎದ್ದು ನಿಂತಿತು. ಪಕ್ಕದ ಗಿಡಗಳಿಗಿಂತ ಒಂದು ಮೊಳ ಎತ್ತರ, ಮೈತುಂಬ ಮೊಗ್ಗು, ಒಂದು ಮೊಗ್ಗಂತೂ ಬಿಸಿಲು ತಾಗಿದರೆ ಬಿಚ್ಚುವಂತಿತ್ತು. ಡಬ್ಬಿ ಹಿಡಿದ ಹೆಂಗಸರು ಆಗಲೇ ಬದುವಿನ ಮೇಲೆ ಬರುತ್ತಿದ್ದರು. ತಜ್ಞೆ ಬುಡಕ್ಕೆ ಕೈ ಹಾಕಿ ಬೇರು ಸಮೇತ ಕಿತ್ತಳು. ಯಜಮಾನಿ ಸೆರಗು ಬಾಯಿಗೆ ಒತ್ತಿಕೊಂಡು ಖರೇನೇ ಅತ್ತಳು. “ದಿನಾ ನೀರು ಹೊಯ್ದು ಮಗನ್ನ ಸಾಕಿದಂಗ ಸಾಕಿದ್ನಲ್ಲೋ ಯಪ್ಪಾ. ಇದರಂಥಾದ್ದು ಇಡೀ ಹೊಲದಾಗ ಇನ್ನೊಂದಿಲ್ಲ,” ಎಂದು ನನಗೆ ಹೇಳಿದಳು. ಅದೇ ಅದರ ತಪ್ಪು ಎಂದು ಅವಳಿಗೆ ತಿಳಿಸಲು ನನ್ನ ಕೈಲಾಗಲಿಲ್ಲ.

ಆ ವಾರ ಪೂರ್ತಿ ಹೀಗೆ ನಡೆಯಿತು. ಒಂದು ಗಿಡಕ್ಕೆ ಹರಕು ಸೀರೆ ಹೊದಿಸಿದ್ದರು. ಇನ್ನೊಂದನ್ನು ದೇವರಿಗೆ ಬಿಟ್ಟಿದ್ದೇವೆ ಎಂದು ಕುಂಕುಮ ಹಚ್ಚಿದ್ದರು. ತಮ್ಮ ಹೊಟ್ಟೆ ತುಂಬಿಸುವ ಕೆಲಸವನ್ನು ತಾವೇ ಹಾಳು ಮಾಡಿಕೊಳ್ಳಲು ಇಷ್ಟು ಬುದ್ಧಿ ಖರ್ಚು ಮಾಡುವ ಜನರನ್ನು ಬೈಯಬೇಕೋ ಹೊಗಳಬೇಕೋ ತಿಳಿಯದೆ ನಾನು ಬದುವಿನ ಮೇಲೆ ಕೂತು ಚಳಿಗೆ ನಡುಗುತ್ತಿದ್ದೆ.

ಎರಡನೆಯ ಪರೀಕ್ಷೆಯ ದಿನ ದಾರಿಯುದ್ದಕ್ಕೂ ಅವಳಿಗೆ ಬುದ್ಧಿ ಹೇಳಿದೆ. ಇವತ್ತೊಂದು ದಿನ ಹುರುಳಿಯ ಮೇಲೆ ದಾಟಿಬಿಡಿ, ಆ ಕಡೆ ಹೋದ ತಕ್ಷಣ ನಾನೇ ಇಳಿದು ಹೊಟ್ಟು ಎಳೆಯುತ್ತೇನೆ ಎಂದು ಆಣೆ ಮಾಡಿದೆ. “ಹೂಂ,” ಅಂದಳು. ಆ ಹೂಂ ಎಂಬುದನ್ನೂ ಅವಳು ಕುಪ್ಪೇಲೂರಿನಲ್ಲೇ ಕಲಿತಿದ್ದಳು. ಅದಕ್ಕೆ ಒಪ್ಪಿಗೆ ಎಂಬ ಅರ್ಥವಿರಲಿಲ್ಲ.

ಅದೇ ಸಾಹೇಬರು, ಅದೇ ಸೊಂಟ, ಅದೇ ತಿರುವು. ರಸ್ತೆಯ ತುಂಬ ಅದೇ ರೈತನ ಹೊಸ ಹುರುಳಿ. ಅವಳು ವೇಗ ಇಳಿಸಿದಳು. ಹಿಂದಿನ ಸೀಟಿನಲ್ಲಿ ನಾನು ಇಲ್ಲದ ಆಕ್ಸಿಲರೇಟರನ್ನು ಕಾಲಿನಿಂದ ತುಳಿಯುತ್ತಿದ್ದೆ. ಅಂಚಿಗೆ ಬಂದು ನಿಲ್ಲಿಸಿಯೇಬಿಟ್ಟಳು. ಸಾಹೇಬರು ಜೇಬಿಗೆ ಕೈ ಹಾಕಿ ಪೆನ್ನು ಹೊರಗೆ ತೆಗೆದರು.

ಅಷ್ಟರಲ್ಲಿ ಮರದ ಕೆಳಗಿದ್ದ ರೈತ ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. “ಏ, ಆ ಬೆಂಕಿ ಬಾಯಿ ಮತ್ತ ಬಂದ್ಳಲ್ಲೋ!” ಎಂದು ಚೀರಿದ. “ಸರಿಸ್ರಿ, ಸರಿಸ್ರಿ! ಲಗೂ ಸರಿಸ್ರಿ! ಇಲ್ಲಾಂದ್ರ ಇಳಿದು ಬಂದು ಎಲ್ಲಾ ಕೆಡಸ್ತಾಳ. ಹ್ವಾದ ವಾರ ಬಸ್ಸಿನವರ ಬೈಗುಳಾ ತಿಂದು ತಿಂದು ಸಾಕಾಗೇತಿ ನನಗ!”

ಅವನೂ ಹೆಂಡತಿಯೂ ಕುಂಟೆ ಹಿಡಿದು, ಉಸಿರು ಬಿಡದೆ ಒಂದು ಕಾರು ಹೋಗುವಷ್ಟು ಅಗಲಕ್ಕೆ ಹುರುಳಿಯನ್ನು ಬದಿಗೆ ಎಳೆದರು. ನಮ್ಮ ಜಿಲ್ಲೆಯ ರಸ್ತೆಯ ಮೇಲೆ, ಹಂಗಾಮಿನಲ್ಲಿ, ಬರೀ ಟಾರು ಕಾಣಿಸಿದ್ದನ್ನು ನಾನು ಅವತ್ತೇ ನೋಡಿದ್ದು. ಅವಳು ಗೇರು ಹಾಕಿ, ಕಡ್ಡಿಯೊಂದನ್ನೂ ಮುಟ್ಟದೆ ದಾಟಿದಳು. ಅವಳ ಹಿಂದೆ ಬಂದ ಬಸ್ಸು, ಜೀಪು, ಸೈಕಲ್ಲು ಎಲ್ಲವೂ ಅದೇ ದಾರಿ ಹಿಡಿದವು. ಒಂದು ಚಕ್ರವೂ ಹುರುಳಿ ತುಳಿಯಲಿಲ್ಲ. ರೈತ ತಲೆ ಮೇಲೆ ಕೈ ಹೊತ್ತು ನಿಂತದ್ದು ಹಿಂದಿನ ಗಾಜಿನಲ್ಲಿ ಬಹಳ ಹೊತ್ತು ಕಾಣುತ್ತಿತ್ತು. ಸಾಹೇಬರು ಪೆನ್ನನ್ನು ಮತ್ತೆ ಜೇಬಿಗೆ ಸೇರಿಸಿದರು. ಮೈದಾನಕ್ಕೆ ಬಂದ ಮೇಲೆ ಪಾಸು ಎಂದು ಬರೆದು, “ಹಾರ್ನ್ ಒಂದು ಸ್ವಲ್ಪ ಹೊಡೀಬೇಕ್ರಿ ನೀವು,” ಅಂದರು.

ಲೈಸೆನ್ಸು ಬಂದ ಸುದ್ದಿ ರಾಣೆಬೆನ್ನೂರಿಗೆ ಮುಟ್ಟಿತು. ಒಬ್ಬರಾದರೂ ಹೇಗೆ ಓಡಿಸಿದಳು ಎಂದು ಕೇಳಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ, “ಯಾರ ಕಡಿಂದ ಮಾಡಿಸಿದ್ರಿ?” ಅವಳೇ ಮಾಡಿಕೊಂಡಳು ಎಂದರೆ ಕಣ್ಣು ಹೊಡೆದು ನಗುತ್ತಿದ್ದರು. ಏಜೆಂಟ ತಾನು ಒಳಗೆ ಒಂದು ಮಾತು ಹೇಳಿದ್ದೆ ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡ. ಮ್ಯಾನೇಜರ್ ಅದನ್ನು ನಂಬಿ, ಹಾವೇರಿಯಲ್ಲಿ ಮಂತ್ರಿಗಳಿಗೆ ಹಾಕುವಂಥ ಒಂದು ಯಾಲಕ್ಕಿ ಹಾರ ಮಾಡಿಸಿ ತಂದು ಅವನ ಕೊರಳಿಗೆ ಹಾಕಿದ. ಅವನು ನಾಚಿಕೆಯಿಲ್ಲದೆ ಹಾಕಿಸಿಕೊಂಡು ಫೋಟೊಗೆ ನಿಂತ. ಆ ವರ್ಷ ಅವನ ಕಡೆಯಿಂದ ನನಗೆ ಒಬ್ಬ ಗಿರಾಕಿಯೂ ಬರಲಿಲ್ಲ.

ಅವಳು ಕಂಪನಿಯ ಪಿಕಪ್ಪನ್ನು ತಾನೇ ಓಡಿಸಿಕೊಂಡು ದಿನಾ ನಸುಕಿಗೆ ಕುಪ್ಪೇಲೂರಿಗೆ ಹೋಗತೊಡಗಿದಳು. ದೊಡ್ಡ ಆಫೀಸಿನವರು ಪ್ಲಾಟು ನೋಡಲು ಬರುವ ದಿನ ನನ್ನನ್ನೂ ಕರೆದಳು. ಪಕ್ಕದಲ್ಲಿ ಬ್ರೇಕಿಲ್ಲದೆ ಕೂರುವುದು ನನಗೆ ಅಭ್ಯಾಸವಿಲ್ಲ, ಕಾಲು ಸುಮ್ಮನೆ ಹುಡುಕಾಡುತ್ತಿತ್ತು. ಅವತ್ತು ನಾವು ಇಳಿಯುವಾಗ ಯಜಮಾನಿ ಬದುವಿನ ಮೇಲೆ ನಿಂತಿದ್ದಳು. ಅವಳ ಕಾಲ ಬಳಿ ಬೇರು ಸಮೇತ ಕಿತ್ತ ಎತ್ತರದ ಗಿಡಗಳು ಬಿದ್ದಿದ್ದವು, ಮಣ್ಣು ಇನ್ನೂ ಹಸಿಯಿತ್ತು. ಕೈಯಿಂದ ಕಣ್ಣೊರೆಸಿಕೊಂಡದ್ದರಿಂದ ಮುಖಕ್ಕೂ ಮಣ್ಣಾಗಿತ್ತು.

“ಗಾಡಿ ಲೈಟು ದೂರಿಂದನ ಕಂಡ್ವು,” ಎಂದು ನನ್ನ ಮೇಲೆ ಹರಿಹಾಯ್ದಳು. “ಆಕಿ ಕೈಲೆ ಕೀಳಿಸೂದಕ್ಕಿಂತ ನಾವ ಕಿತ್ತದ್ದು ಛಲೋ ಅನಸ್ತು. ಆ ಡ್ರೈವರ್ ಹುಡುಗ ಇದ್ದಾಗ ಎಷ್ಟು ಚಂದಿತ್ತಪ್ಪಾ.”

ದೊಡ್ಡ ಆಫೀಸಿನವರು ಒಂದೊಂದು ಸಾಲನ್ನೂ ಬಗ್ಗಿ ನೋಡಿದರು. ಬೇರೆ ತಳಿಯ ಗಿಡ ಒಂದೂ ಸಿಗಲಿಲ್ಲ. ಪ್ಲಾಟು ಪಾಸು, ಕುಪ್ಪೇಲೂರಿನ ಕೆಲಸ ಮುಂದುವರಿಯುತ್ತದೆ ಎಂದರು. ಅವರಲ್ಲಿ ಒಬ್ಬ, ಇದನ್ನೆಲ್ಲ ಕಿತ್ತವರು ಯಾರು ಎಂದು ಕೇಳಿದ.

“ನಾನ ಕಿತ್ತೇನ್ರಿ,” ಅಂದಳು ಯಜಮಾನಿ, ಕಣ್ಣು ಮಿಟುಕಿಸದೆ. “ಮೊದಲ ದಿನದಿಂದ ಎಲ್ಲಾ ನಾನ ಕಿತ್ತದ್ದು.”

ಬುಟ್ಟಿ, ಹರಕು ಸೀರೆ, ಕುಂಕುಮ ಎಲ್ಲ ನನ್ನ ನಾಲಿಗೆಯ ತುದಿಗೆ ಬಂದವು. ತಜ್ಞೆ ನನ್ನ ಕಡೆ ನೋಡಲೇ ಇಲ್ಲ. ರಬ್ಬರ್ ಬೂಟಿನ ಕೆಸರನ್ನು ಕಲ್ಲಿಗೆ ಒರೆಸುತ್ತ, ಆ ದೊಡ್ಡ ಮನುಷ್ಯನಿಗೆ ಹೇಳಿದಳು:

“ಹೌದು. ಎಲ್ಲಾ ಆಕೀನ ಕಿತ್ತಾಳ.”